ಮಾಷ್ಟ್ರ ಹಾಡು, ನನ್ನ ಬಾಯಿ

ಮೊನ್ನೆ ಉಡುಪಿಯಲ್ಲಿ ಟೇಪ್ ರೆಕಾರ್ಡರ್ ರಿಪೇರಿಗೆ ಕೊಟ್ಟು ಕಾಯುತ್ತಿದ್ದೆ. ಅಂಗಡಿಯವನ ಕೆಮ್ಮನ್ನು ಅನುಕರಿಸಿ ಅವನನ್ನೇ ನಗಿಸುತ್ತಿದ್ದವನು, ಅವನು ತಂತಿಗೆ ಬೆಸುಗೆ ಹಾಕಿದ್ದೇ ತಡ, ಸುಮ್ಮನಾದೆ. ಸುಟ್ಟ ರಾಳದ ಆ ವಾಸನೆಗೆ ಎದ್ದು ಅಂಗಡಿಯ ಹೊರಗೆ ಬಂದು ನಿಂತೆ.

ನಮ್ಮೂರು ಶಿರ್ವದಲ್ಲಿ ಪಕ್ಕದ ಮನೆಯ ಮಾಷ್ಟ್ರ ಜಗಲಿಯಲ್ಲಿ ಯಾವಾಗಲೂ ಇದೇ ವಾಸನೆ. ಇಗರ್ಜಿಯ ಹಾಡಿನ ತಂಡಕ್ಕೆ ಅವರೇ ಗುರು. ಒಂದು ಕಾಲದಲ್ಲಿ ವಿಪರೀತ ಕುಡಿಯುತ್ತಿದ್ದರು. ಇನ್ನು ಮುಟ್ಟುವುದಿಲ್ಲವೆಂದು ಆಣೆ ಮಾಡಿದ ಮೇಲೆಯೇ ಫಾದರ್ ತಂಡವನ್ನು ಅವರ ಕೈಗೆ ಕೊಟ್ಟದ್ದು. ಸಂಜೆ ಹಳೆಯ ರೇಡಿಯೋ ಬಿಚ್ಚಿ, ತಂತಿ ಬೆಸೆದು, ದೂರದೂರದ ನಿಲಯಗಳನ್ನು ಹುಡುಕುತ್ತಿದ್ದರು. ಅಂಥದ್ದೊಂದು ವಿದೇಶಿ ನಿಲಯ ಹಾಡಿನ ಸ್ಪರ್ಧೆ ಇಟ್ಟಿತ್ತು. ಒಂದು ದೇಶದಿಂದ ಒಂದೇ ಹಾಡು. ಮಾಷ್ಟ್ರು ತಾವೇ ಕಟ್ಟಿದ ಕೊಂಕಣಿ ಹಾಡನ್ನು ಕ್ಯಾಸೆಟ್ಟಿಗೆ ತುಂಬಿಸಿ, ಫಾರಮ್ಮನ್ನೂ ಯಾರಿಗೂ ತೋರಿಸದೆ ಭರ್ತಿ ಮಾಡಿ ಕಳಿಸಿದರು.

ನಾನಾಗ ಕಾಲೇಜು ಹುಡುಗ. ಬಸ್ಸಿನ ಕಂಡಕ್ಟರ್, ಫಾದರ್, ನಮ್ಮ ಅಪ್ಪ, ಎಮ್ಮೆ, ಯಾರನ್ನೂ ಅನುಕರಿಸದೆ ಬಿಟ್ಟವನಲ್ಲ. ಫಲಿತಾಂಶದ ಸಂಜೆ, ಕಿಟಕಿಯ ದಂಡೆಯಲ್ಲಿಟ್ಟ ಮಾಷ್ಟ್ರ ರೇಡಿಯೋದಿಂದ ಬರೀ ಗೊರಗೊರ ಸದ್ದು. ನಾನು ಕಿಟಕಿಯ ಹೊರಗೆ ಕುಕ್ಕರಗಾಲಲ್ಲಿ ಕೂತು, ಚೊಂಬಿನೊಳಗೆ ಬಾಯಿಟ್ಟು, ಆ ನಿಲಯದ ಇಂಗ್ಲಿಷಿನಲ್ಲಿ ಘೋಷಿಸಿದೆ: ಭಾರತದ ಹಾಡಾಗಿ ಆಯ್ಕೆಯಾದದ್ದು... ಎಂದು ಅವರ ಹೆಸರು. ಆಮೇಲೆ ನಗುತ್ತಾ ಎದ್ದು ನಿಲ್ಲುವುದೆಂದಿತ್ತು. ಇಣುಕಿದರೆ ಮಾಷ್ಟ್ರು ರೇಡಿಯೋದ ಮುಂದೆ ಮೊಣಕಾಲೂರಿ ಅಳುತ್ತಿದ್ದರು...

ನನಗೆ ಏಳಲಾಗಲಿಲ್ಲ.

ಮರುದಿನ ಊರಿಗೆಲ್ಲ ಗೊತ್ತು. ಭಾನುವಾರ ಪೂಜೆಯ ಕೊನೆಗೆ ಫಾದರ್ ಘೋಷಿಸಿ ಶಾಲು ಹೊದಿಸುವುದೆಂದಾಯಿತು. ಸುಳ್ಳೆಂದು ಆಮೇಲೆ ಬಯಲಾದರೆ? ಅಮಲಿನಲ್ಲಿ ಏನೋ ಕೇಳಿಸಿಕೊಂಡರು, ಮಾಷ್ಟ್ರು ಪುನಃ ಕುಡಿಯಲು ಶುರು ಮಾಡಿದ್ದಾರೆ ಎನ್ನುತ್ತಾರೆ, ತಂಡ ಕೈತಪ್ಪುತ್ತದೆ. ದಿನಕ್ಕೆರಡು ಸಲ ಹೇಳಿಬಿಡಲು ಹೋಗಿ, ಬಾಗಿಲಲ್ಲಿ ಫಾದರ್ ಥರ ಗಂಟಲು ಸರಿಪಡಿಸಿ, ಅವರನ್ನು ನಗಿಸಿ ವಾಪಸಾಗುತ್ತಿದ್ದೆ. ಎಂಥ ಶೂರ.

ಶನಿವಾರ ಪೋಸ್ಟಿನಲ್ಲಿ ಆ ನಿಲಯದ ಲಕೋಟೆ ಬಂತು. ಮಾಷ್ಟ್ರು ನನ್ನನ್ನೇ ಕರೆದರು.

“ಓದು ಮಗ. ನನ್ನ ಇಂಗ್ಲಿಷಿಗೆ ಇದು ಉದ್ದ ಆಯ್ತು.”

ಸುಳ್ಳು ಓದಬಹುದಿತ್ತು. ಕಟ್ಟಲು ಏನೂ ಹೊಳೆಯದೆ ಇದ್ದದ್ದನ್ನೇ ಓದಿದೆ. ಹಾಡನ್ನು ಸ್ಪರ್ಧೆಗೆ ಸೇರಿಸಿಯೇ ಇಲ್ಲ. ಯಾಕೆಂದರೆ ಫಾರಮ್ಮಿನಲ್ಲಿ ‘ಕಂಟ್ರಿ’ ಎಂದಿದ್ದಲ್ಲಿ ಮಾಷ್ಟ್ರು ಬರೆದದ್ದು, ‘ನಿಲ್, ದೇವರ ದಯೆಯಿಂದ’. ನಿಲ್ ಅಂದರೆ ಏನೂ ಇಲ್ಲ.

“ಕಂಟ್ರಿ ಅಂದ್ರೆ ದೇಶವಾ?” ಎಂದರು. “ನಾನು ಕಂಟ್ರಿ ಸಾರಾಯಿ ಅಂತ ಗ್ರಹಿಸಿದ್ದು ಮಾರಾಯ. ನನ್ನ ಕುಡಿತ ಪರದೇಶಕ್ಕೂ ಗೊತ್ತಾಯ್ತಾ ಅಂತ ಹೆದರಿದ್ದೆ.”

ಇಬ್ಬರೂ ನಕ್ಕೆವು. ಅವರ ನಗು ಮೊದಲು ನಿಂತಿತು.

“ಹಾಗಾದ್ರೆ ರೇಡಿಯೋದಲ್ಲಿ ಹೇಳಿದ್ದು ಯಾರು?”

ಚೊಂಬಿಲ್ಲದೆ, ಬರೀ ಬಾಯಲ್ಲಿ, ಅದೇ ದನಿಯಲ್ಲಿ ಅವರ ಹೆಸರು ಹೇಳಿದೆ. ಅದೇ ನನ್ನ ತಪ್ಪೊಪ್ಪಿಗೆ. ಪೆಟ್ಟು ಬೀಳುತ್ತದೆಂದು ಕಣ್ಣು ಮುಚ್ಚಿದೆ. ಬೀಳಲಿಲ್ಲ.

“ಇನ್ನೊಂದ್ಸಲ ಹೇಳು,” ಎಂದರು. “ಪೂರ್ತಿ ಹೇಳು. ದೇಶ ಸಮೇತ.”

ಹೇಳಿದೆ. ತಲೆ ಬಗ್ಗಿಸಿ ಕೇಳಿದರು. ಆಮೇಲೆ ಅಂಗಿ ತೊಟ್ಟು ಫಾದರ್ ಬಳಿಗೆ ಹೋಗಿ, ತಮ್ಮದೇ ಕಿವಿಯ ತಪ್ಪು ಎಂದು ಹೇಳಿ ಬಂದರು. ನನ್ನ ಹೆಸರೆತ್ತಲಿಲ್ಲ. ನಾನು ಹೆದರಿದ್ದ ಮಾತು ಊರಲ್ಲಿ ಹುಟ್ಟಿಯೇ ಹುಟ್ಟಿತು. ಮುಂದಿನ ಕ್ರಿಸ್ಮಸ್ಸಿಗೆ ತಂಡ ಬೇರೆಯವರ ಕೈಯಲ್ಲಿತ್ತು. ಎಲ್ಲರ ದನಿಯಲ್ಲೂ ಮಾತಾಡುವ ನಾನು ನನ್ನ ದನಿಯಲ್ಲಿ ಒಂದು ಮಾತು ಆಡಲಿಲ್ಲ...

ಮಾಷ್ಟ್ರು ತೀರಿಹೋಗಿ ಎರಡು ಮಳೆಗಾಲ ಕಳೆದವು. ಮದುವೆ ಮನೆಗಳಲ್ಲಿ ಜನ ಈಗಲೂ ಕೇಳುತ್ತಾರೆ, ಮಾಷ್ಟ್ರ ಹಾಗೆ ಒಂದು ಮಾಡು ಎಂದು. ಬರುವುದಿಲ್ಲ ಎನ್ನುತ್ತೇನೆ. ಬರುತ್ತದೆ. ಆದರೆ ಅಷ್ಟು ಜನರೆದುರು ಆ ದನಿ ನನ್ನ ಬಾಯಿಂದ ಹೊರಟರೆ ಮೊದಲು ನನ್ನ ಬಗ್ಗೆ ಏನು ಹೇಳೀತೋ ಎಂಬ ಹೆದರಿಕೆ.