ಗಂಟೆ ಆಗುವವರೆಗೆ ನಾನು ಪೇಷೆಂಟ್

ಟಿಣ್. ಅಷ್ಟೇ ಅದರ ಸದ್ದು. ನಾನು ಟೀಚರಾಗಿ ರಿಟೈರ್ ಆದ ದಿನ ನಮ್ಮ ಕಾನ್ವೆಂಟ್ ಸ್ಕೂಲಿನ ಸಿಸ್ಟರುಗಳು ಕೊಟ್ಟ ಹಿತ್ತಾಳೆಯ ಕೈಗಂಟೆ. ಅಸೆಂಬ್ಲಿಗೆ ಬಾರಿಸಿ ಬಾರಿಸಿ ಹಿಡಿ ನುಣುಪಾಗಿತ್ತು. ಚಾಮರಾಜನಗರದ ನನ್ನ ಮನೆಯ ಮುಂದಿನ ರೂಮಿನಲ್ಲಿ, ಸಂಜೆ ಲೈಟು ಹಾಕುವ ಹೊತ್ತಿಗೆ, ಅದು ಟಿಣ್ ಅಂದ ಕೂಡಲೇ ಎದುರಿಗೆ ಕೂತ ಹುಡುಗಿ ಮಾತನ್ನು ಅರ್ಧಕ್ಕೇ ನುಂಗುತ್ತಿದ್ದಳು. ಪರೀಕ್ಷೆಯಲ್ಲೂ ಹಾಗೆಯೇ ಅಂತೆ. ಗಂಟೆ ಆದ ಮೇಲೆ ಹೇಳಿದ್ದಕ್ಕೆ ಮಾರ್ಕ್ಸ್ ಇಲ್ಲ. ಆ ಸದ್ದು ಈಗಲೂ ಕಿವಿಯಲ್ಲಿದೆ. ಆಗ ನನಗೆ ಎರಡು ಕಣ್ಣೂ ಕಾಣುತ್ತಿದ್ದವು.

ಹುಡುಗಿ ಅಂದೆ, ಆದರೆ ಅವಳು ಕಣ್ಣಿನ ಡಾಕ್ಟರು. ಇಲ್ಲಿನ ಒಂದು ಆಸ್ಪತ್ರೆಯಲ್ಲಿ ಕೆಲಸ, ನನ್ನ ಮಹಡಿಯ ರೂಮಿನಲ್ಲಿ ವಾಸ. ಊರು ಗುಂಡ್ಲುಪೇಟೆ. ತಂದೆ ಹತ್ತಿ ತುಂಬಿ ಹಾಸಿಗೆ ದಿಂಬು ಹೊಲಿಯುವವರು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ವಯನಾಡಿನ ಗಿರಾಕಿ ಬಂದರೆ ಮಲಯಾಳ. ಇಂಗ್ಲಿಷ್ ಮಾತ್ರ ಅವಳಿಗೆ ಪುಸ್ತಕದಿಂದ ಬಂದದ್ದು, ಹಾಗಾಗಿ ಪುಸ್ತಕದಂತೆಯೇ ಮಾತಾಡುತ್ತಿದ್ದಳು.

ಕಣ್ಣಿನ ಹಿಂಗೋಡೆಗೆ ಅಂಟಿಕೊಂಡಿರುವ ತೆಳುವಾದ ಪರದೆಗೆ ರೆಟಿನಾ ಅನ್ನುತ್ತಾರೆ. ಅದರ ಸರ್ಜರಿಯನ್ನೇ ಕಲಿಯಲು ವಿದೇಶದ ಒಂದು ಆಸ್ಪತ್ರೆಯಲ್ಲಿ ಅವಳಿಗೆ ಫೆಲೋಶಿಪ್ ಸಿಕ್ಕಿತ್ತು. ಸಿಕ್ಕಿತ್ತು ಅಂದರೆ ಸೀಟು ಹಿಡಿದಿಟ್ಟಿದ್ದರು, ಅಷ್ಟೆ. ನಮ್ಮ ಇಲ್ಲಿನ ಎಂಎಸ್ ಡಿಗ್ರಿ ಅವರಿಗೆ ಸಾಲದು. ಮೊದಲು ಬರೆಯುವ ಪರೀಕ್ಷೆಗಳು: ಕಣ್ಣಿನ ರಚನೆ, ಬೆಳಕು ಬಾಗುವ ಲೆಕ್ಕ, ಕಾಯಿಲೆಗಳು. ಅವನ್ನೆಲ್ಲ ದಾಟಿದ್ದಳು. ಆಮೇಲೆ ಒಂದೊಂದು ಸ್ಟೇಷನ್ನಿನಲ್ಲಿ ಒಬ್ಬೊಬ್ಬ ಪೇಷೆಂಟಿನ ಎದುರೇ ನಡೆಯುವ ಕ್ಲಿನಿಕಲ್. ಜೊತೆಗೆ ಡಾಕ್ಟರುಗಳಿಗೆಂದೇ ಮಾಡಿದ ಇಂಗ್ಲಿಷ್ ಟೆಸ್ಟ್. ಆ ಟೆಸ್ಟಿನ ರಿಸಲ್ಟಿಗೆ ಹಾಲಿನ ಪ್ಯಾಕೆಟ್ಟಿನ ಹಾಗೆ ಎಕ್ಸ್‌ಪೈರಿ ಬೇರೆ. ಒಮ್ಮೆ ಪಾಸು ಮಾಡಿಕೊಂಡಿದ್ದಳು. ಕ್ಲಿನಿಕಲ್‌ನಲ್ಲಿ ಫೇಲಾಗಿ ಮತ್ತೆ ಕೂರುವಷ್ಟರಲ್ಲಿ ಅದು ಹಳಸಿಹೋಯಿತು. ಈಗ ಎರಡೂ ಒಟ್ಟಿಗೆ ಆಗಬೇಕು, ಇಲ್ಲವಾದರೆ ಸೀಟು ಬೇರೆಯವರಿಗೆ.

ಫೇಲಾದದ್ದು ವಿದ್ಯೆಯಲ್ಲಿ ಅಲ್ಲ. ಪೇಷೆಂಟ್ ವೇಷದ ಒಬ್ಬಳು ಆ್ಯಕ್ಟರ್, ನನ್ನ ದೃಷ್ಟಿ ಹೋಗಿಬಿಡುತ್ತದಾ ಡಾಕ್ಟರ್ ಅಂತ ಕೇಳಿದಾಗ ಇವಳು ಅಭ್ಯಾಸಬಲದಿಂದ, ನಥಿಂಗ್ ವಿಲ್ ಹ್ಯಾಪನ್, ಡೋಂಟ್ ವರಿ, ಅಂದಳಂತೆ. ನಮ್ಮ ಕಡೆ ಯಾವ ಡಾಕ್ಟರು ಹಾಗೆ ಅನ್ನುವುದಿಲ್ಲ ಹೇಳಿ? ಬೇಗೂರಿನಿಂದಲೋ ಹರವೆಯಿಂದಲೋ ಹೆದರಿಕೊಂಡು ಬಂದ ಮುದುಕಿಗೆ ಮೊದಲು ಹಾಕುವ ಔಷಧಿಯೇ 'ಏನೂ ಆಗಲ್ಲ' ಎಂಬ ಮಾತು. ಅಲ್ಲಿಯವರಿಗೆ ಅದು ಸುಳ್ಳು ಭರವಸೆ.

ಹೀಗಾಗಿ ನಾನು ದಿನಾ ಸಂಜೆ ಪೇಷೆಂಟ್ ಆದೆ. ನಾನು ಓದಿದ ಬೋರ್ಡಿಂಗ್ ಸ್ಕೂಲಿನಲ್ಲಿ ಸಿಸ್ಟರುಗಳು ಭಾಷಣದ ಎಲಕ್ಯೂಷನ್, ಡ್ರಾಮಾ ಎರಡನ್ನೂ ಅರೆದು ಕುಡಿಸಿದ್ದರು; ಈ ವಯಸ್ಸಿನಲ್ಲಿ ಸ್ಟೇಜ್ ಸಿಕ್ಕಿದರೆ ಬಿಡುತ್ತೇನಾ. ನಿಯಮ ಅವಳದೇ: ಗಂಟೆ ಆಗುವವರೆಗೆ ನಾನು ಮಿಸ್ ಅಲ್ಲ, ಪೇಷೆಂಟ್, ಏನೇ ಆದರೂ ವೇಷ ಕಳಚಬಾರದು. ಅವಳ ಬಾಯಿಂದ 'ಡೋಂಟ್ ವರಿ' ಬಂದಾಗಲೆಲ್ಲ ನಾನು ಮೇಜು ಕುಟ್ಟುತ್ತಿದ್ದೆ. ಮನೆಗೆಲಸಕ್ಕೆ ಹರವೆಯಿಂದ ಬರುವವಳಿಗೆ ಇದೆಲ್ಲ ಕೋತಿಯಾಟ. ಕಸಬರಿಗೆ ಹಿಡಿದುಕೊಂಡೇ ಬಾಗಿಲಲ್ಲಿ ನಿಂತು ಕೇಳುವಳು:

"ಇವತ್ತೇನ್ ಕಾಯ್ಲ ಬಂದದ ಅಮ್ಮೋರ್ಗೆ?"

ಗ್ಲಾಕೋಮಾ, ಕಣ್ಣಿನೊಳಗೆ ಒತ್ತಡ ಏರುವ ಕಾಯಿಲೆ, ಅಂದೆ.

"ಬುಡಿ ಅತ್ತಗೆ. ನೆನ್ನ ಸಕ್ಕರೆ ಕಾಯ್ಲ ಇತ್ತು, ಇವತ್ತಾಗ್ಲೇ ವಾಸಿ ಆಗೋಗದೆ. ಇಂತಾ ಡಾಕ್ಟ್ರುನ್ನ ಪಾರಿನ್‌ಗ ಯಾಕ್ ಕಳುಸ್ತೀರಿ?"

ನಕ್ಕೆವು. ಆ ಮನೆಯಲ್ಲಿ ಕಾಯಿಲೆ ಎನ್ನುವುದು ನಗುವ ವಿಷಯವಾಗಿಬಿಟ್ಟಿತ್ತು.

ನಿಜವಾದ ಕಣ್ಣುಗಳ ಬಗ್ಗೆ ಹೇಳುವುದಾದರೆ, ಚಿಕ್ಕಂದಿನಿಂದಲೂ ನನ್ನದು ಸೋಡಾಬುಡ್ಡಿ ಕನ್ನಡಕ. ಇಷ್ಟು ಪವರ್ ಇರುವವರ ರೆಟಿನಾ ತೆಳ್ಳಗಿರುತ್ತದೆ, ಒಮ್ಮೆ ಡ್ರಾಪ್ಸ್ ಹಾಕಿ ಪೂರ್ತಿ ನೋಡಬೇಕು ಎಂದು ಅವಳೇ ಹೇಳಿದ್ದಳು. ಪರೀಕ್ಷೆ ಮುಗಿಯಲಿ ಎಂದು ಇಬ್ಬರೂ ಮುಂದೆ ಹಾಕಿದೆವು.

ಪರೀಕ್ಷೆಗೆ ಹೊರಡುವ ವಾರದ ಭಾನುವಾರ, ತಲೆ ಹಗುರಾಗಲಿ ಎಂದು ಅವಳನ್ನು ಗೋಪಾಲಸ್ವಾಮಿ ಬೆಟ್ಟಕ್ಕೆ ಕರೆದುಕೊಂಡು ಹೋದೆ. ಮೇಲೆ ಮಂಜೋ ಮಂಜು. ಬೆಟ್ಟದ ಬಸ್ಸಿನಲ್ಲಿ ಇಳಿಯುವಾಗ ನನ್ನ ಬಲಗಣ್ಣಿನ ಅಂಚಿನಲ್ಲಿ ಬಿಲ್ಲಿನಂಥ ಒಂದು ಬಿಳಿ ಮಿಂಚು ಹೊಳೆದು ಹೋಯಿತು. ಗುಡುಗು ಬರಲಿಲ್ಲ. ಮತ್ತೊಮ್ಮೆ ಹೊಳೆಯಿತು. ಮಳೆ ಬರುತ್ತದೇನೋ ಅಂದೆ. ಮುಂದಿನ ಸೀಟಿನಲ್ಲಿ ಮೊಬೈಲಿನೊಳಗೆ ಓದುತ್ತಿದ್ದವಳು ತಲೆಯೆತ್ತದೆ, ಮೋಡ ಇದೆಯಲ್ಲ ಮಿಸ್, ಅಂದಳು. ಮನೆಗೆ ಬಂದರೆ ಗೋಡೆಯ ಮೇಲೆ ಕರಿಮೆಣಸಿನ ಪುಡಿ ಚೆಲ್ಲಿದ ಹಾಗೆ ಚುಕ್ಕಿಗಳು ತೇಲುತ್ತಿದ್ದವು. ಕನ್ನಡಕ ಒರೆಸಿಕೊಂಡೆ.

ಅವಳು ಹೊರಡುವ ಹಿಂದಿನ ದಿನ ರವಿಕೆಗೆ ಹುಕ್ಕು ಹಾಕಲು ಕೂತೆ. ಸೂಜಿಗೆ ದಾರ ಪೋಣಿಸಲು ಎಡಗಣ್ಣು ಮುಚ್ಚಿದಾಗ ಬಲಗಣ್ಣಿಗೆ, ಮೂಗಿನ ಕಡೆಯಿಂದ, ಒಂದು ನೆರಳು ಅಡ್ಡ ಬಂದಿತ್ತು. ಕರ್ಟನ್ ಸ್ವಲ್ಪವೇ ಎಳೆದ ಹಾಗೆ. ಎರಡೂ ಕಣ್ಣು ತೆರೆದರೆ ಏನೂ ಇಲ್ಲ.

ಆ ಸಂಜೆಯದು ಕೊನೆಯ ಪ್ರಾಕ್ಟೀಸು. ನಾನು ಗ್ಲಾಕೋಮಾದ ಡ್ರಾಪ್ಸ್ ಹಾಕಿಕೊಳ್ಳದ ಹಟಮಾರಿ ಹೆಂಗಸಾಗಬೇಕಿತ್ತು. ಶುರುವೂ ಮಾಡಿದೆ. ಆದರೆ ಆ ಕುರ್ಚಿಯಲ್ಲಿ ಕೂತು ಕೂತು, ಕಣ್ಣಿನ ಕಷ್ಟ ಹೇಳುವ ಜಾಗ ಅದೇ ಎಂದು ನನ್ನ ನಾಲಿಗೆಗೆ ರೂಢಿಯಾಗಿತ್ತೋ ಏನೋ. ನಡುವೆ ನನ್ನ ಒಳ್ಳೆಯ ಕಾನ್ವೆಂಟ್ ಇಂಗ್ಲಿಷಿನಲ್ಲೇ ಹೇಳಿದೆ: ಡಾಕ್ಟರ್, ಬಲಗಣ್ಣಿಗೆ ಒಂದು ಕರ್ಟನ್ ಬರುತ್ತಿದೆ, ಬೆಳಗಿನಿಂದ. ಮೊದಲು ಮಿಂಚು ಕಂಡಿತ್ತು.

ಅವಳ ಕಣ್ಣು ಅರಳಿತು. ಬೆನ್ನು ನೆಟ್ಟಗೆ ಮಾಡಿಕೊಂಡಳು. ಯಾವಾಗ, ಯಾವ ಕಡೆಯಿಂದ, ನೋವಿದೆಯಾ, ಎಲ್ಲ ಕ್ರಮವಾಗಿ ಕೇಳಿದಳು. ಎಲ್ಲಕ್ಕೂ ನಿಜವನ್ನೇ ಹೇಳಿದೆ. ಕೊನೆಗೆ ನಿಧಾನವಾಗಿ, ಒಂದೂ ತಪ್ಪಿಲ್ಲದ ಇಂಗ್ಲಿಷಿನಲ್ಲಿ, ರೆಟಿನಾ ಗೋಡೆ ಬಿಟ್ಟು ಬರುತ್ತಿರಬಹುದು, ಇವತ್ತೇ ಪರೀಕ್ಷಿಸಬೇಕು, ದೃಷ್ಟಿ ಉಳಿದೇ ಉಳಿಯುತ್ತದೆ ಎಂದು ನಾನು ಮಾತು ಕೊಡಲಾರೆ ಅಂದಳು. ಡೋಂಟ್ ವರಿ ಬರಲಿಲ್ಲ. ಟೈಮ್ ಆಗಿತ್ತು. ನಾನೇ ಗಂಟೆ ಬಾರಿಸಿದೆ.

"ಸೂಪರ್ ಮಿಸ್! ಇದೆಲ್ಲಿ ಓದಿದ್ರಿ? ರೆಟಿನಾ ಸ್ಟೇಷನ್ನೇ ಇದು. ಎಷ್ಟು ನ್ಯಾಚುರಲ್ ಆಗಿ ಮಾಡಿದ್ರಿ!"

ಎದ್ದು ಬಂದು ನನ್ನ ಕೈ ಕುಲುಕಿದಳು. ಮುಖದಲ್ಲಿ ಒಂದಿಷ್ಟೂ ಗಾಬರಿ ಇಲ್ಲ. ದಿನವೆಲ್ಲ ರೆಟಿನಾ ನೋಡುವವಳು, ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ನಗುತ್ತಿದ್ದಾಳೆ. ಅಂದಮೇಲೆ ಇವತ್ತೇ ಪರೀಕ್ಷಿಸಬೇಕು ಅಂದದ್ದು ಗಂಟೆಗೆ ಮುಂಚಿನ ಆಟದ ಮಾತು, ನನ್ನ ವಯಸ್ಸಿಗೆ ಇದು ಸಹಜ ಇರಬೇಕು, ಅಂದುಕೊಂಡೆ. ನಾನು ಆ್ಯಕ್ಟ್ ಮಾಡಿದೆ ಎಂದು ಅವಳು ನಂಬಿದಳು. ಮಾಡಲಿಲ್ಲ ಎಂದು ಅವಳಿಗೆ ಗೊತ್ತಾಗಿದೆ ಎಂದು ನಾನು ನಂಬಿದೆ. ಬೆಳಿಗ್ಗೆ ಎದ್ದು ಪರೀಕ್ಷೆಯ ಊರಿಗೆ ಹೊರಟುಹೋದಳು.

ಅವಳಿಲ್ಲದ ದಿನಗಳಲ್ಲಿ ಕರ್ಟನ್ ತನ್ನ ಪಾಡಿಗೆ ತಾನು ಸರಿಯುತ್ತಿತ್ತು. ದಿನಾ ಒಮ್ಮೆ ಎಡಗಣ್ಣು ಮುಚ್ಚಿ ನೋಡುತ್ತಿದ್ದೆ. ಮೊದಲು ಕಿಟಕಿಯ ಒಂದು ಸರಳು ಹೋಯಿತು, ಮತ್ತೆ ಇನ್ನೊಂದು. ನೋವಿಲ್ಲ, ಕೆಂಪಿಲ್ಲ. ನೋವಿಲ್ಲದ್ದಕ್ಕೆ ಆಸ್ಪತ್ರೆ ಯಾಕೆ, ಬಂದಮೇಲೆ ಕೇಳಿದರಾಯಿತು. ಕೊನೆಗೆ ಗೋಡೆಯ ಕ್ಯಾಲೆಂಡರಿನ ನಡುವೆಯೇ ಬೂದಿಬಣ್ಣದ ನೀರು ನಿಂತಿತು.

ಪರೀಕ್ಷೆ ಮುಗಿಸಿ ಅವಳು ಓಡಿಬಂದಂತೆ ಒಳಗೆ ಬಂದಳು, ಬ್ಯಾಗು ಇನ್ನೂ ಹೆಗಲಲ್ಲೇ ಇತ್ತು.

"ಮಿಸ್, ನಿಮ್ಮ ಕರ್ಟನ್ನೇ ಬಂತು! ಅದೇ ಕೇಸು. ನಿಮಗೆ ಹೇಳಿದ್ದನ್ನೇ ಪದಕ್ಕೆ ಪದ ಹೇಳಿದೆ."

"ಒಳ್ಳೇದಾಯ್ತು. ನನ್ನ ಕರ್ಟನ್ ಇನ್ನೂ ಹೋಗೇ ಇಲ್ಲ ಕಣಮ್ಮ," ಅಂದೆ.

ನಗುತ್ತಿದ್ದ ಬಾಯಿ ಹಾಗೇ ಉಳಿಯಿತು. ಬ್ಯಾಗು ಕೆಳಗಿಳಿಯಿತು. ಅವಳು ನನ್ನ ಎಡಗಣ್ಣಿಗೆ ಅಂಗೈ ಅಡ್ಡ ಹಿಡಿದು, ನನ್ನ ಮುಖ ಕಾಣುತ್ತಾ ಅಂತ ಕನ್ನಡದಲ್ಲಿ ಕೇಳಿದಳು. ಬೊಟ್ಟಿಲ್ಲದ ಆ ಹಣೆಯ ಒಂದು ತುದಿ ಮಾತ್ರ ಕಾಣುತ್ತಿತ್ತು. ಹೇಳಿದೆ.

ಆಟೋದಲ್ಲಿ ತನ್ನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ತಲೆಗೆ ದೀಪ ಕಟ್ಟಿಕೊಂಡು ನನ್ನ ಮೇಲೆ ಬಗ್ಗಿದಳು. ದೀಪ ಬಿಚ್ಚಿದವಳೇ ಮೈಸೂರಿಗೆ ಫೋನ್ ಮಾಡಿದಳು. ಮಾರನೆಯ ದಿನವೇ ಮೈಸೂರಿನಲ್ಲಿ ಆಪರೇಷನ್ ಆಯಿತು. ರೆಟಿನಾವನ್ನು ಮತ್ತೆ ಅಂಟಿಸಿದರು. ಆದರೆ ಅಕ್ಷರ ಓದುವ ನಡುವಿನ ಜಾಗವೂ ಆಗಲೇ ಎದ್ದುಬಿಟ್ಟಿತ್ತಂತೆ. ಅಂಟಿಸಿದ್ದನ್ನು ಒತ್ತಿ ಹಿಡಿಯಲು ಕಣ್ಣೊಳಗೆ ಗ್ಯಾಸ್ ತುಂಬಿ, ಮುಖ ಕೆಳಗೆ ಹಾಕಿಕೊಂಡೇ ಮಲಗಿರಬೇಕು ಅಂದರು. ಅವಳ ತಂದೆ, ನಡುವೆ ಮುಖಕ್ಕೆ ಜಾಗ ಬಿಟ್ಟು, ಕೋಡುಬಳೆಯಾಕಾರದ ಒಂದು ದಿಂಬು ಹೊಲಿದುಕೊಂಡು ಗುಂಡ್ಲುಪೇಟೆಯಿಂದ ಬಸ್ಸಿನಲ್ಲಿ ನನ್ನ ಮನೆಗೆ ಬಂದರು.

"ಮದ್ವೆ ದಿಂಬು ಹೊಲ್ದಿವ್ನಿ, ಬಾಣಂತಿ ದಿಂಬು ಹೊಲ್ದಿವ್ನಿ. ಮಕ ಮುಚ್ಕಂಡ್ ಮಲ್ಗೋ ದಿಂಬ ಯಾರೂ ಕೇಳಿರ್ಲಿಲ್ಲ ಕಣ್ರವ್ವ," ಅಂದರು. ನಗಿಸಲು ಅಂದದ್ದೇ. ಆ ಹೊಸ ಹತ್ತಿಯೊಳಗೆ ಮುಖವಿಟ್ಟು, ನೆಲದ ಒಂದು ತುಂಡನ್ನೇ ನೋಡುತ್ತ ನಾನು ಮಲಗಿದ್ದೆ. ಮಗಳು ಪಕ್ಕದಲ್ಲಿ ಕೂತು ಹೊತ್ತು ಹೊತ್ತಿಗೆ ಡ್ರಾಪ್ಸ್ ಹಾಕುತ್ತಿದ್ದಳು. ಗಂಟೆ ಷೋಕೇಸಿನೊಳಗೆ ಸೇರಿತ್ತು. ಯಾರು ಇಟ್ಟರೋ ನಾನು ಕೇಳಲಿಲ್ಲ.

ಬಲಗಣ್ಣು ಬೆಳಕು ನೆರಳಿನಾಚೆಗೆ ಸುಧಾರಿಸಲಿಲ್ಲ. ಅವಳ ರಿಸಲ್ಟ್ ಬಂತು. ಎರಡೂ ಪಾಸು.

ಅವಳು ವಿದೇಶಕ್ಕೆ ಹೊರಡುವ ದಿನ ಗುಂಡ್ಲುಪೇಟೆಗೆ ಹೋದೆ. ವಿಮಾನ ಕೋಳಿಕ್ಕೋಡಿನಿಂದ. ಸಂಜೆಯೊಳಗೆ ಹೊರಟು, ರಾತ್ರಿ ಬಂಡೀಪುರದ ಗೇಟು ಮುಚ್ಚುವ ಮೊದಲು ಕಾಡು ದಾಟಬೇಕು. ತಂದೆಯ ಅಂಗಡಿಯ ಹಿಂದೆ, ಹತ್ತಿ ಮೂಟೆಗಳ ನಡುವೆ ನನ್ನನ್ನು ಮಲಗಿಸಿ, ತಲೆಗೆ ಮತ್ತೆ ದೀಪ ಕಟ್ಟಿಕೊಂಡು ನನ್ನ ಎಡಗಣ್ಣನ್ನು ನೋಡಿದಳು. ಮೇಲೆ ನೋಡಿ, ಕೆಳಗೆ ನೋಡಿ, ಮತ್ತೆ ಮೇಲೆ ನೋಡಿ. ಹೊರಗೆ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ಮೇಲೆ ನೋಡಿ ಮಿಸ್, ಅಂತ ಇನ್ನೊಮ್ಮೆ ಅಂದಳು. ಒಂದೇ ಜಾಗವನ್ನು ಅಷ್ಟು ಹೊತ್ತು ಯಾಕೆ ನೋಡುತ್ತಿದ್ದಾಳೆ?

"ಇದೂ ಹೋಗುತ್ತೇನಮ್ಮ?" ಎಂದು ಕೇಳಿದೆ.

ಅವಳು ದೀಪ ಆರಿಸಿದಳು. ಏನೂ ಆಗಲ್ಲ ಮಿಸ್ ಅನ್ನುತ್ತಾಳೆ ಎಂದು ಕಾದೆ. ಅದೊಂದು ಮಾತು ಬೇಕಿತ್ತು ನನಗೆ.

"ಇಲ್ಲೂ ಒಂದು ಕಡೆ ಹೊಸದಾಗಿ ತೆಳ್ಳಗಾಗಿದೆ," ಅಂದಳು. "ನಾಳೆನೇ ಮೈಸೂರಿಗೆ ಹೋಗಿ ಲೇಸರ್ ಹಾಕಿಸ್ಕೊಳ್ಳಿ, ನಾನು ಫೋನ್ ಮಾಡಿ ಹೇಳಿರ್ತೀನಿ. ಆಮೇಲೂ ಮಿಂಚು ಕಂಡ್ರೆ ಅವತ್ತೇ ಹೋಗ್ಬೇಕು. ನಾನು ಪ್ರಾಮಿಸ್ ಮಾಡಕ್ಕಾಗಲ್ಲ ಮಿಸ್."

ನಾನು ಕಲಿಸಿದ ಹಾಗೇ ಹೇಳಿದಳು. ಒಂದೂ ತಪ್ಪಿರಲಿಲ್ಲ.

ಕಾರಿನ ಕಿಟಕಿಯಿಂದ ಅವಳು ಕೈ ಹೊರಗೆ ಚಾಚಿದ್ದಳು. ನಾನೂ ಅವಳ ತಂದೆಯೂ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದೆವು. ಕಾರು ಬಲಕ್ಕೆ, ಕಾಡಿನ ರಸ್ತೆಯ ಕಡೆಗೆ ಹೊರಟಿತು. ಅವಳ ಕೈ, ದುಪಟ್ಟಾದ ತುದಿ, ಹಿಂದಿನ ಗಾಜು, ನನ್ನ ಬಲಗಣ್ಣಿನ ಬೂದಿಯೊಳಗೆ ಸೇರಿಹೋದವು. ಹೋದಳು ಅಂದುಕೊಂಡು ಕೈ ಇಳಿಸಿದೆ. ಪಕ್ಕದಲ್ಲಿ ಅವಳ ತಂದೆ ಇನ್ನೂ ಕೈ ಬೀಸುತ್ತಲೇ ಇದ್ದರು.