ರಕ್ತ ಏರಿಸಿಕೊಂಡ ಬಾಣಂತಿಯ ಹಾಲು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ, ಕೂತಷ್ಟೂ ಸಲ ಎದ್ದು ಹೋಗಿದ್ದೇನೆ. ಒಮ್ಮೆ ನೀರಡಿಕೆ, ಇನ್ನೊಮ್ಮೆ ಬಾಗಿಲ ಚಿಲಕ ಹಾಕಿದೆನೋ ಇಲ್ಲವೋ ಎಂಬ ಅನುಮಾನ. ಕಳೆದ ವಾರ ಸೇಡಂ ಬಸ್ಸಿನಲ್ಲಿ ಒಂದು ಮಾತು ಕಿವಿಗೆ ಬಿತ್ತು. ಅಲ್ಲಿಂದ ಈಚೆಗೆ ಏಳಲು ನೆಪ ಸಿಗುತ್ತಿಲ್ಲ.

ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ದುಡಿದವನು ನಾನು. ಮೆಟ್ರಿಕ್ ಓದಿದ್ದೆನೆಂದು ಓಣಿಯವರು ಔಷಧದ ಚೀಟಿ ಓದಿಸಲೂ ನನ್ನ ಹತ್ತಿರವೇ ಬರುತ್ತಿದ್ದರು. ನಾನು ಹೇಳಿದ್ದು ನಡೆಯುತ್ತಿತ್ತು.

ಹತ್ತು ವರ್ಷದ ಹಿಂದೆ ಸೊಸೆಯ ಎರಡನೆಯ ಹೆರಿಗೆ. ರಕ್ತ ನಿಲ್ಲದೆ ಕಲಬುರಗಿಯ ದೊಡ್ಡ ದವಾಖಾನೆಗೆ ಒಯ್ದೆವು. ಕೂಡಲೇ ರಕ್ತ ಏರಿಸಿ, ಬದಲಿಗೆ ಮನೆಯ ಕಡೆಯ ಇಬ್ಬರು ರಕ್ತ ಕೊಡಿ ಎಂದರು. ಮಗ ಕೊಟ್ಟ. ಇನ್ನೊಬ್ಬರು ಬೇಕಿತ್ತು. "ನನಗ ಬಿಪಿ ಅದರಿ" ಎಂದು ನಾನು ಹಿಂದೆ ಸರಿದೆ. ಬಿಪಿ ಇರಲಿಲ್ಲ, ಸೂಜಿಯ ಅಂಜಿಕೆ ಇತ್ತು. ನಮ್ಮ ಜೊತೆ ಬಂದಿದ್ದ ಪಕ್ಕದ ಮನೆಯವನು, ಲಾರಿಗೆ ಸಿಮೆಂಟ್ ಚೀಲ ಹೇರುವವನು, ಅಂಗಿಯ ತೋಳು ಮೇಲೇರಿಸಿಕೊಂಡ.

"ನಾ ಕೊಡ್ತೀನಿ ಬಿಡ್ರಿ ಕಾಕಾ. ಚೀಲ ಹೊತ್ತು ಹೊತ್ತು ರಕ್ತ ಭಾಳ ಕಾದದ, ಒಂದೀಟು ಕಡಿಮಿ ಆದ್ರ ಛಲೋನೇ."

ಸೊಸೆ, ಕೂಸು ಮನೆಗೆ ಬಂದ ಮೇಲೆ ಅವನು ಒಂದು ಮುಂಜಾನೆ ಬಾಗಿಲಿಗೆ ಬಂದ. "ಕಾಕಾ, ದವಾಖಾನಿಂದ ಫೋನ್ ಬಂದಿತ್ತು. ರಕ್ತ ಮತ್ತೊಮ್ಮೆ ತಪಾಸ್ ಮಾಡ್ತಾರಂತ. ನೀವೂ ಜೋಡಿ ಬರ್ರಿ, ನನಗ ಅವರ ಮಾತು ತಿಳಿಯಂಗಿಲ್ಲ."

"ಮೊಣಕಾಲು ಹಿಡದಾವಪಾ" ಎಂದೆ.

ಏಡ್ಸಿನ ಬೋರ್ಡು ಕಾರ್ಖಾನೆಯ ಗೇಟಿನಲ್ಲಿ ದಿನಾ ಕಾಣುತ್ತಿತ್ತು. ರಕ್ತದಿಂದ ಬರುತ್ತದೆ, ತಾಯಿಯ ಹಾಲಿನಿಂದ ಕೂಸಿಗೂ ಬರುತ್ತದೆ ಎಂದು ಓದಿದ್ದೆ. ಮತ್ತೊಮ್ಮೆ ತಪಾಸಣೆ ಎಂದರೆ ಅದೇ ಇರಬೇಕು ಅನ್ನಿಸಿತು. ಅವನು ಕೊಟ್ಟ ಬಾಟಲಿಯೇ ಸೊಸೆಯ ಮೈಯೊಳಗೆ ಹೋಗಿದೆ ಎಂದು ತಿಳಿದೆ. ದವಾಖಾನೆಯಲ್ಲಿ ಕೇಳಬಹುದಿತ್ತು. ಕೇಳಿದರೆ ಮುಚ್ಚಿಡುತ್ತಾರೆ, ಮುಚ್ಚಿಡದಿದ್ದರೆ ಊರಿಗೆಲ್ಲ ಹೇಳುತ್ತಾರೆ ಎಂಬ ಗುಮಾನಿ. ಹಿಡಿದಿದ್ದ ಮೊಣಕಾಲಿನಲ್ಲೇ, ಸೊಸೆಯ ರಕ್ತ ತೋರಿಸಲು ಗುರುತಿನವರಿಲ್ಲದ ಲ್ಯಾಬು ಹುಡುಕುತ್ತ ಅಲೆದೆ. ಶಹಾಬಾದಿನಲ್ಲಿ ಬೆಂಚಿನ ಮೇಲೆ ನಮ್ಮ ಪಾಳಿಯವನೊಬ್ಬ ಕೂತಿದ್ದ, ತಿರುಗಿ ಬಂದೆ. ಚಿತ್ತಾಪುರದಲ್ಲಿ ಒಳಗೆ ಕಾಲಿಟ್ಟೆ. "ಯಾರಿಗಿ ತೋರಿಸ್ಬೇಕ್ರಿ?" ಎಂದರು. ಕೆಮ್ಮಿನ ಔಷಧ ಕೇಳಿ, ಇಲ್ಲ ಅನ್ನಿಸಿಕೊಂಡು ಹೊರಬಿದ್ದೆ.

ಮನೆಗೆ ಬಂದವನೇ ಹೆಂಡತಿಗೆ ಹೇಳಿದೆ: "ರಕ್ತ ಏರ್ಸಿಕೊಂಡ ಬಾಣಂತಿ ಹಾಲು ಕೂಸಿಗಿ ಆಗಂಗಿಲ್ಲ. ಇವತ್ತಿಂದ ಬಂದ್ ಮಾಡ್ರಿ. ಹಿರ್ಯಾರ ಮಾತದು."

"ನಿಮ್ಮ ಹಿರ್ಯಾರ ಕಾಲದಾಗ ರಕ್ತ ಏರಸ್ತಿದ್ರೇನ್ರೀ?"

"ತಿಳೀಲಿಲ್ಲಂದ್ರ ಸುಮ್ನ ಕುಂದ್ರು."

ಆಶಾ ಕಾರ್ಯಕರ್ತೆ ಬಂದು ಜಗಳವಾಡಿದಳು, ಅವಳನ್ನೂ ಗದರಿಸಿ ಕಳಿಸಿದೆ. ಸೊಸೆ ಒಂದೇ ಮಾತು ಕೇಳಿದಳು: "ನನ್ನ ಹಾಲಿನಾಗ ಏನಾಗ್ಯಾದ್ರಿ ಮಾವಾರ?" ನಾನು ಚಪ್ಪಲಿ ಮೆಟ್ಟಿ ಹೊರಗೆ ಹೋದೆ.

ಕೂಸು ಪುಡಿ ಹಾಲು ಕುಡಿದು ಭೇದಿ ಮಾಡಿಕೊಂಡು ಅಳುತ್ತಿತ್ತು. ಸೊಸೆ ಬಚ್ಚಲಿನಲ್ಲಿ ತನ್ನ ಹಾಲು ಹಿಂಡಿ ಚೆಲ್ಲುತ್ತಿದ್ದಳು. ಅವಳ ಅಳು ಕೇಳದಿರಲೆಂದು ನಳ ಬಿಟ್ಟಿರುತ್ತಿದ್ದಳು. ಆದರೂ ಕೇಳುತ್ತಿತ್ತು. ಮನೆಯಲ್ಲಿ ಕೂರಲಾಗದೆ ಸ್ಟೇಷನ್ನಿಗೆ ಹೋಗಿ ಪ್ಲಾಟ್‌ಫಾರ್ಮಿನ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದೆ.

ಹೀಗೆ ಹಲವು ದಿನ ಕಳೆದ ಮೇಲೆ ಪಕ್ಕದ ಮನೆಯವನು ಅಲ್ಲಿಗೇ ಹುಡುಕಿಕೊಂಡು ಬಂದ.

"ಕಾಕಾ, ನನಗ ಅದೇ, ಗೇಟಿನ ಬೋರ್ಡಿನ ಬ್ಯಾನಿ ಅದಂತ. ಗುಳಿಗಿ ಚಾಲೂ ಮಾಡ್ಯಾರ, ದಿನಾ ತಗೊಂಡ್ರ ಎಲ್ಲಾರಂಗ ಬದುಕ್ತೀ ಅಂದಾರ. ನೀವು ಅಂಜಬ್ಯಾಡ್ರಿ. ನನ್ನ ಬಾಟ್ಲಿ ಯಾರಿಗೂ ಏರ್ಸಿಲ್ಲಂತ, ತಪಾಸ್‌ನಾಗ ಸಿಕ್ಕ ಕೂಡ್ಲೇ ತಗದು ಒಗದಾರ. ನಿಮ್ಮ ಸೊಸಿಗಿ ಕೊಟ್ಟಿದ್ದು ಬ್ಯಾರೆ, ಮದ್ಲೇ ತಪಾಸ್ ಮಾಡಿ ಇಟ್ಟಿದ್ದು. ನಾ ಅಲ್ಲಿ ಹೋಗಿ ಮದ್ಲ ಕೇಳಿದ್ದೇ ಇದನ್ನ."

ಅವನ ಎರಡೂ ಕೈ ಹಿಡಿದು, ಅವತ್ತು ಜೊತೆಗೆ ಬರಲಿಲ್ಲ, ತಪ್ಪಾಯಿತಪ್ಪಾ ಎಂದೆ.

"ಹೋಗ್ಲಿ ಬಿಡ್ರಿ. ನಿಮ್ಮ ಮೊಣಕಾಲು ಈಗ ಛಲೋ ಓಡ್ಯಾಡ್ಲಿಕತ್ತಾವಲ್ಲ" ಎಂದ.

ಆಗಲೇ ಮನೆಗೆ ಓಡಿ ಹೇಳಬೇಕಿತ್ತು. ಮತ್ತೆ ಮತ್ತೆ ಎದೆಗೆ ಹಚ್ಚಿದರೆ ಹಾಲು ತಿರುಗಿ ಬರುತ್ತದೆಂದು ಆಶಾ ಹೇಳಿಹೋಗಿದ್ದಳು. ಆದರೆ ಬೇಡವೆಂದವನು ಈಗ ಬೇಕೆನ್ನಲು ಕಾರಣ ಹೇಳಬೇಕಲ್ಲ. ಅವನ ಗುಟ್ಟು ಕಾಯುತ್ತಿದ್ದೇನೆ ಎಂದುಕೊಂಡೆ. ಕಾಯ್ದುಕೊಂಡದ್ದು ನನ್ನ ಮರ್ಯಾದೆಯನ್ನು. ಹಾಲು ಬತ್ತಿತು. ಕೂಸು ವರ್ಷ ತುಂಬುವವರೆಗೂ ಬಡಕಲಾಗಿಯೇ ಇತ್ತು.

ಪಕ್ಕದ ಮನೆಯವನು ಇಂದಿಗೂ ಗುಳಿಗೆ ನುಂಗಿ ದುಡಿಯಲು ಹೋಗುತ್ತಾನೆ. ಇದನ್ನು ಬರೆಯಲೇ ಎಂದು ಅವನನ್ನು ಕೇಳಿದೆ. "ಹೆಸರು ಹಾಕಬ್ಯಾಡ್ರಿ, ಉಳಿದದ್ದು ಬರೀರಿ" ಎಂದ.

ಕಳೆದ ವಾರದ ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನಲ್ಲಿ ಚಿಂಚೋಳಿ ಕಡೆಯ ತಾಯಿ, ಬಾಣಂತಿ ಮಗಳು. ಕೂಸು ಒಂದೇ ಸಮನೆ ಅಳುತ್ತಿತ್ತು. "ಕುಡಿಸಬ್ಯಾಡ, ನಿನಗ ರಕ್ತ ಏರ್ಸ್ಯಾರ" ಎಂದು ತಾಯಿ ಗದರಿಸಿದಳು. "ವಾಡ್ಯಾಗ ನಮ್ಮಕ್ಕನ ಓಣ್ಯಾಗ ಯಾರೂ ಕುಡಿಸಂಗಿಲ್ಲ. ಹಿರ್ಯಾರು ಹೇಳಿದ್ದು."

ನನಗೆ ಕೂರಲಾಗಲಿಲ್ಲ. ಓಡುವ ಬಸ್ಸಿನಲ್ಲಿ ಎದ್ದು ನಿಂತೆ. "ಕುಡಿಸವಾ. ಅದು ಹಿರ್ಯಾರ ಮಾತಲ್ಲ. ನಾ ಹುಟ್ಟಿಸಿದ್ದು."

"ನೀವ್ಯಾರ್ರೀ ನಡುವ?"

ಪಕ್ಕದ ಮನೆಯವನ ಸುದ್ದಿ ಬಿಟ್ಟು ಉಳಿದದ್ದನ್ನೆಲ್ಲ ಹೇಳಿದೆ. ಬಸ್ಸೆಲ್ಲ ಕೇಳಿತು. "ಮುದುಕಗ ಬಿಸಿಲು ತಲಿಗೇರ್ಯಾದ" ಎಂದು ತಾಯಿ ಮುಖ ತಿರುಗಿಸಿದಳು. ಮಗಳು ಮಾತ್ರ ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಸೆರಗು ಎಳೆದುಕೊಂಡಳು. ಕೂಸಿನ ಅಳು ನಿಂತಿತು.

ಮನೆಗೆ ಬಂದಾಗ, ಅಂದು ಪುಡಿ ಹಾಲು ಕುಡಿದ ಮೊಮ್ಮಗಳೇ ಹೊಸ್ತಿಲಲ್ಲಿ ಕೂತು ಓದುತ್ತಿದ್ದಳು. ಒಳಗಿನಿಂದ ನೀರಿನ ತಂಬಿಗೆ ಬಂತು. "ಯಾಕ್ರಿ ಮಾವಾರ, ಮುಖ ಬಾಡ್ಯಾದ?"

"ಬಿಸಿಲು" ಎಂದೆ.

ಗುರುತಿಲ್ಲದವರಿಂದ ತುಂಬಿದ ಬಸ್ಸಿನಲ್ಲಿ ಒಪ್ಪಿಕೊಂಡೆ, ಪಕ್ಕದ ಮನೆಯವನ ಕೈ ಹಿಡಿದೆ. ಆ ತಂಬಿಗೆ ಹಿಡಿದು ನಿಂತವಳಿಗೆ ಮಾತ್ರ ತಪ್ಪಾಯಿತೆಂದು ಇವತ್ತಿನವರೆಗೂ ಹೇಳಿಲ್ಲ. ನನ್ನ ಸೊಸೆಗೆ.