ಸೊಂಟದಳತೆಯ ಬ್ಯಾಟು

ನಾನು ಚಿಕ್ಕವನಿದ್ದಾಗ ನನ್ನ ಎತ್ತರದ ಚಿಂತೆ ಮನೆಯಲ್ಲಿ ನನ್ನೊಬ್ಬನಿಗೇ ಇತ್ತು. ಅಕ್ಕ ನನಗಿಂತ ಎರಡೇ ವರ್ಷ ದೊಡ್ಡವಳು, ಆದರೆ ಒಂದು ಗೇಣು ಉದ್ದ. ತೆಂಗಿನ ಮಟ್ಟೆ ಹಿಡಿದು ಅವಳು ಹೊಡೆದ ಚೆಂಡು ಬೀದಿ ದಾಟಿ ದ್ರಾಕ್ಷಿ ಚಪ್ಪರದೊಳಗೆ ಬೀಳುತ್ತಿತ್ತು. ಹುಡುಗರು ಆಟಕ್ಕೆ ಕರೆಯಲು ಬಂದರೆ, ಬಾಗಿಲಲ್ಲಿ ನಿಂತ ನನ್ನನ್ನೇ, ತಮಿಳುನಾಡಿನ ನಮ್ಮೂರ ಕನ್ನಡದಲ್ಲಿ, "ಅಕ್ಕ ಇದಾಳಾ ಡಾ?" ಎಂದು ಕೇಳುತ್ತಿದ್ದರು. ನನ್ನ ಹೊಟ್ಟೆಯೊಳಗೆ ಹಸಿಮೆಣಸಿನಕಾಯಿ ಅರೆದಂತಾಗುತ್ತಿತ್ತು.

ನಮ್ಮ ಬೀದಿಯಲ್ಲಿ ಒಂದು ಕಾನೂನಿತ್ತು: ಬ್ಯಾಟು ಯಾರದೋ, ಮೊದಲ ಆಟ ಅವರದು. ಅಂದರೆ ನನ್ನದೇ ಒಂದು ಬ್ಯಾಟು ಬಂದರೆ ಅಕ್ಕನಿಗಿಂತ ಮುಂಚೆ ನಾನು! ಅತ್ತು, ಊಟ ಬಿಟ್ಟು, ಹಸಿವಾಗಿ ಮತ್ತೆ ಉಂಡು, ಅಂತೂ ಅಪ್ಪನನ್ನು ಒಪ್ಪಿಸಿದೆ. ದ್ರಾಕ್ಷಿ ಕೊಯ್ಲು ಮುಗಿದ ವಾರ ಅಪ್ಪ ನಮ್ಮಿಬ್ಬರನ್ನೂ ಬಸ್ಸಿನಲ್ಲಿ ಚಿನ್ನಮನೂರಿಗೆ ಕರೆದೊಯ್ದರು.

ಅಂಗಡಿಯ ತುಂಬ ಮರದೆಣ್ಣೆಯ, ಹೊಸ ರಬ್ಬರಿನ ವಾಸನೆ. ಅಪ್ಪ ಜನ್ಮದಲ್ಲಿ ಕ್ರಿಕೆಟ್ ಆಡಿದವರಲ್ಲ. ಗುದ್ದಲಿಗೆ ಹಿಡಿ ಆರಿಸುವಂತೆ, ಚಿಕ್ಕ ಬ್ಯಾಟೊಂದನ್ನು ನನ್ನ ಕಾಲಿನ ಪಕ್ಕ ನಿಲ್ಲಿಸಿದರು. "ಹಿಡಿ ಸೊಂಟಕ್ಕೆ ಬರ್ಬೇಕು ಡಾ. ಮೇಲಾದ್ರೆ ಕೈ ಸೋತೋಯ್ತದೆ. ಇದನ್ನ ತಕ್ಕೊಂಡ್ರೆ ಮಿಕ್ಕಿದ ದುಡ್ಡಲ್ಲಿ ಗ್ಲೌಸೂ ಬರ್ತದೆ."

ಅದು ಸರಿಯಾಗಿ ಸೊಂಟಕ್ಕೇ ಬಂದಿತ್ತು. ಆದರೆ ನನ್ನ ಕಣ್ಣು ಗೋಡೆಗೆ ಒರಗಿದ್ದ ದೊಡ್ಡ ಬ್ಯಾಟಿನ ಕೆಂಪು ಸ್ಟಿಕ್ಕರಿನ ಮೇಲಿತ್ತು. "ಅದನ್ನ ಅಳ್ದು ನೋಡಪ್ಪಾ" ಎಂದೆ. ಅಪ್ಪ ಅದನ್ನು ನಿಲ್ಲಿಸುವಷ್ಟರಲ್ಲಿ ಮೆಲ್ಲಗೆ ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಂತೆ. ಅಪ್ಪನ ಕಣ್ಣು ನನ್ನ ಸೊಂಟದ ಮೇಲೆ. ಅಕ್ಕನ ಕಣ್ಣು ನನ್ನ ಹಿಮ್ಮಡಿಯ ಮೇಲೆ. ಅವಳು ಏನೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಊರು ಬರುವವರೆಗೂ ಬಸ್ಸಿನಲ್ಲಿ ಬೆವರಿದೆ. ದೊಡ್ಡ ಬ್ಯಾಟಿಗೇ ದುಡ್ಡೆಲ್ಲ ಮುಗಿದು ಗ್ಲೌಸು ಅಂಗಡಿಯಲ್ಲೇ ಉಳಿದಿತ್ತು.

ಭಾನುವಾರ ಮೇಲಿನ ಬೀದಿಯವರೊಡನೆ ಆಟ. ಮೊದಲು ಇಳಿದವನು ನಾನೇ! ಬ್ಯಾಟು ಎತ್ತಿದೆ. ಅದು ಕೆಳಗೆ ಬರುವುದರೊಳಗೆ ಚೆಂಡು ಕೋಲುಗಳನ್ನು ಉರುಳಿಸಿ ಆಗಿತ್ತು. ಅಕ್ಕ ಬಂದು ಬ್ಯಾಟು ಇಸಿದುಕೊಂಡಳು. ಹಿಡಿ ಅವಳ ಸೊಂಟಕ್ಕೆ ಸರಿಯಾಗಿ ನಿಂತಿತು, ಹಿಮ್ಮಡಿ ಎರಡೂ ನೆಲದ ಮೇಲೇ. ಅವಳ ಮೊದಲ ಹೊಡೆತಕ್ಕೆ ಚಪ್ಪರದ ಗಿಳಿಗಳೆಲ್ಲ ಎದ್ದು ಹಾರಿದವು.

ತೋಟದಿಂದ ಗುದ್ದಲಿ ಹೊತ್ತು ಬರುತ್ತಿದ್ದ ಅಪ್ಪ ನಿಂತು ಅವಳನ್ನು ನೋಡಿದರು, ಆಮೇಲೆ ನನ್ನ ಕಾಲನ್ನು. "ಏನ್ ಡಾ, ಗಿಡ್ಡ ಆಗ್ಬುಟ್ಟೆ?"

"ಚಿನ್ನಮನೂರಲ್ಲಿ ಬೆಳ್ದಿದ್ದ ಅಪ್ಪಾ, ಊರಿಗ್ ಬಂದು ಇಳ್ದೋದ" ಎಂದಳು ಅಕ್ಕ.

ಬ್ಯಾಟು ಅಂದಿನಿಂದ ಅವಳದಾಯಿತು. ಗ್ಲೌಸಿಲ್ಲದೆ ಅಂಗೈಯಲ್ಲಿ ಬೊಬ್ಬೆ ಬಂದದ್ದೂ ಅವಳಿಗೇ. ನನಗೆ ಆ ಬೊಬ್ಬೆಗಳ ಮೇಲೂ ಹೊಟ್ಟೆಕಿಚ್ಚು.

ಈಗ ಫೋನಿನಲ್ಲಿ ಒತ್ತಿದರೆ ಬ್ಯಾಟು ಮನೆಗೇ ಬರುತ್ತದೆ. ಹೆಲ್ಮೆಟ್ಟು, ಪ್ಯಾಡು, ಹೆಗಲಿಗೆ ಹಾಕುವ ಚೀಲ, ನೋಡಿದರೆ ಈ ವಯಸ್ಸಿನಲ್ಲೂ ಹೊಟ್ಟೆ ಉರಿಯುತ್ತದೆ. ಯಾವುದು ಬೇಕೆಂದು ನಾನು ನಮ್ಮ ಮಾತಿನಲ್ಲಿ ಕೇಳಿದರೆ ಮೊಮ್ಮಕ್ಕಳು ತಮಿಳಿನಲ್ಲಿ ಉತ್ತರಿಸುತ್ತಾರೆ. ಫೋನು ಕೇಳುವುದು ಎತ್ತರವೊಂದನ್ನೇ. ಅದಕ್ಕೆ ಹಿಮ್ಮಡಿ ಕಾಣುವುದಿಲ್ಲ. ನಿನ್ನೆ ಮೊಮ್ಮಗನನ್ನು ಬಾಗಿಲಿಗೆ ಒರಗಿಸಿ ಟೇಪು ಹಿಡಿದೆ. ಬಗ್ಗಿ ನೋಡಿದರೆ ಹಿಮ್ಮಡಿ ಎರಡು ಬೆರಳು ಮೇಲೆ. ಅವನ ಅಕ್ಕ ಬಾಯಿ ತೆರೆದಳು. ಕಣ್ಣಲ್ಲೇ ಬೇಡವೆಂದೆ. ಎರಡು ಬೆರಳು ಕಳೆದು ಫೋನಿನಲ್ಲಿ ಎತ್ತರ ಬರೆದೆ, ಮಿಕ್ಕ ದುಡ್ಡಿಗೆ ಗ್ಲೌಸನ್ನೂ ಒತ್ತಿದೆ.